ಭೂಫಲಕಗಳ ಅಂಚು ಮತ್ತು ಬೀದರ್‌ನ ನೆಲ

ಒಂದು ವರ್ಷದಲ್ಲಿ ಜಗತ್ತಿನಾದ್ಯಂತ ದಾಖಲಾದ ಭೂಕಂಪಗಳಿಗೆಲ್ಲ ನಕಾಶೆಯ ಮೇಲೆ ಒಂದೊಂದು ಚುಕ್ಕೆ ಇಡುತ್ತ ಹೋದರೆ, ಆ ಚುಕ್ಕೆಗಳು ಎಲ್ಲೆಂದರಲ್ಲಿ ಚೆಲ್ಲಿ ಬೀಳುವುದಿಲ್ಲ. ಚಿಲಿಯಿಂದ ಅಲಾಸ್ಕಾ, ಜಪಾನ್, ಫಿಲಿಪ್ಪೀನ್ಸ್ ಹಾದು ನ್ಯೂಜಿಲೆಂಡ್‌ವರೆಗೆ ಪೆಸಿಫಿಕ್ ಸಾಗರವನ್ನು ಬಳಸಿ ಒಂದು ದಟ್ಟ ಸಾಲು ಮೂಡುತ್ತದೆ. ಇಂಡೋನೇಷ್ಯಾ, ಅಂಡಮಾನ್, ಮ್ಯಾನ್ಮಾರ್, ಹಿಮಾಲಯ, ಇರಾನ್, ತುರ್ಕಿ, ಇಟಲಿಗಳನ್ನು ಹಾದು ಇನ್ನೊಂದು. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳ ತಳದ ನಡುವೆ ತೆಳ್ಳನೆಯ ಮತ್ತೊಂದು. ದೊಡ್ಡ ಭೂಕಂಪಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಮೊದಲನೆಯ ಸಾಲಿಗೇ ಸೇರಿದವು. ಜೀವಂತ ಜ್ವಾಲಾಮುಖಿಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿದರೂ ಹೆಚ್ಚುಕಡಿಮೆ ಅವೇ ಸಾಲುಗಳು ಮರುಕಳಿಸುತ್ತವೆ. ನಡುವೆ ಉಳಿಯುವುದು ಅಗಾಧವಾದ ಖಾಲಿ ಜಾಗ.

ಬೀದರ್ ಜಿಲ್ಲೆ ಆ ಖಾಲಿ ಜಾಗದಲ್ಲಿದೆ. ಆದರೆ ಭಾಲ್ಕಿಯ ಬಾವಿಗಳಲ್ಲಿ ಸಿಗುವ ಬಂಡೆಯಾಗಲಿ, ಔರಾದ್‌ನ ಎರೆಹೊಲದ ಮಣ್ಣಾಗಲಿ, ಬೀದರ್ ಕೋಟೆ ನಿಂತಿರುವ ಕೆಂಪು ದಿಣ್ಣೆಯಾಗಲಿ ಹುಟ್ಟಿದ್ದು ಲಾವಾರಸದಿಂದ. ಜಿಲ್ಲೆಯ ಗಡಿಯಿಂದ ಕೂಗಳತೆಯಲ್ಲಲ್ಲದಿದ್ದರೂ ಬಸ್ಸಿನ ಒಂದೆರಡು ತಾಸಿನ ದಾರಿಯಲ್ಲಿರುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಹೀಗೆ ಜ್ವಾಲಾಮುಖಿ ಮತ್ತು ಭೂಕಂಪ ಎರಡರ ಗುರುತೂ ಅಂಚಿನಿಂದ ದೂರದ ಈ ಸೀಮೆಯಲ್ಲಿ ಕಾಣುತ್ತದೆ. ನಿಯಮವನ್ನು ಮೊದಲು ಅರಿತರೆ ಅಪವಾದಗಳ ಬಗೆ ತಿಳಿಯುತ್ತದೆ.

ಅಂಚಿನಲ್ಲೇ ಏಕೆ

ಭೂಮಿಯ ಹೊರಭಾಗ ಒಂದೇ ತುಂಡಿನ ಚಿಪ್ಪಲ್ಲ. ಸುಮಾರು ನೂರು ಕಿ.ಮೀ. ದಪ್ಪದ, ಗಟ್ಟಿಯಾದ ಏಳು ದೊಡ್ಡ ಫಲಕಗಳು ಮತ್ತು ಹಲವು ಚಿಕ್ಕ ಫಲಕಗಳು ಅದರಲ್ಲಿವೆ. ಕೆಳಗಿನ ಮ್ಯಾಂಟಲ್ ಬಂಡೆ ಬಿಸಿಯಾಗಿ, ಮೆತ್ತಗಾಗಿ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹರಿಯಬಲ್ಲದು. ಅದರ ಮೇಲೆ ಫಲಕಗಳು ವರ್ಷಕ್ಕೆ ಎರಡರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ ಸರಿಯುತ್ತವೆ. ಫಲಕದ ಒಡಲು ಬಿಗಿಯಾಗಿರುವುದರಿಂದ ಇಡೀ ತುಂಡು ಒಟ್ಟಾಗಿ ಸಾಗುತ್ತದೆ. ಬೀದರ್ ಮತ್ತು ಬೆಂಗಳೂರಿನ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲವೆಂದೇ ಹೇಳಬೇಕು. ಎರಡೂ ಊರುಗಳು ಕೂಡಿಯೇ ಈಶಾನ್ಯದತ್ತ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಹೋಗುತ್ತವೆ. ಒಂದು ಫಲಕಕ್ಕೂ ಪಕ್ಕದ ಫಲಕಕ್ಕೂ ನಡುವಣ ವೇಗದ ವ್ಯತ್ಯಾಸವೆಲ್ಲ ತೀರಬೇಕಾದದ್ದು ಅಂಚಿನ ಕಿರಿದಾದ ಪಟ್ಟಿಯಲ್ಲಿ. ಭೂಕಂಪಗಳು ಅಲ್ಲಿ ಒತ್ತಾಗಿರಲು ಕಾರಣ ಇದೇ.

ಅಂಚು ಸಲೀಸಾಗಿ ಜಾರುವಂಥದ್ದಾಗಿದ್ದರೆ ಯಾರಿಗೂ ತೊಂದರೆಯಿರುತ್ತಿರಲಿಲ್ಲ. ಬಂಡೆಗೆ ಬಂಡೆ ಕಚ್ಚಿಕೊಂಡು ನಿಲ್ಲುತ್ತದೆ. ಹಿಂದಿನ ಭಾಗ ಮಾತ್ರ ನಿಲ್ಲದೆ ತಳ್ಳುತ್ತಲೇ ಇರುತ್ತದೆ. ಹಿಡಿದು ಬಾಗಿಸಿದ ಬೆತ್ತದಂತೆ ಬಂಡೆ ಹತ್ತಾರು, ನೂರಾರು ವರ್ಷ ಮಣಿಯುತ್ತ ಹೋಗಿ, ಕಚ್ಚಿದ ಜಾಗ ತಾಳಲಾರದ ದಿನ ಕೆಲವೇ ಸೆಕೆಂಡುಗಳಲ್ಲಿ ಹಾರಿ ನೇರವಾಗುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಬೇಲಿಗಳೂ ರಸ್ತೆಗಳೂ ತುಂಡಾಗಿ ಸರಿದದ್ದನ್ನು ಅಳೆದು ಹ್ಯಾರಿ ಫೀಲ್ಡಿಂಗ್ ರೀಡ್ ಕಟ್ಟಿದ ವಿವರಣೆ ಇದು. ನೂರು ವರ್ಷ ದಾಟಿದರೂ ಅದರ ತಿರುಳು ಹಾಗೇ ನಿಂತಿದೆ.

ಜ್ವಾಲಾಮುಖಿಯ ಕತೆ ಬೇರೆ. ನೆಲದಡಿಯಲ್ಲಿ ಎಲ್ಲೆಲ್ಲೂ ಲಾವಾ ಕುದಿಯುತ್ತಿದೆ, ಎಲ್ಲಿ ತೂತು ಬಿದ್ದರೂ ಉಕ್ಕುತ್ತದೆ ಎಂಬ ಕಲ್ಪನೆ ಜನಪ್ರಿಯವಾದರೂ ಸುಳ್ಳು. ಮ್ಯಾಂಟಲ್ ಬಹುಮಟ್ಟಿಗೆ ಘನ ಬಂಡೆಯೇ. ಬಿಸಿ ಸಾಕಷ್ಟಿದ್ದರೂ ಮೇಲಿನ ಭಾರ ಅದನ್ನು ಕರಗಗೊಡುವುದಿಲ್ಲ. ಕರಗಿಸಲು ಎರಡು ದಾರಿಗಳಿವೆ. ಫಲಕಗಳು ದೂರ ಸರಿಯುವ ಕಡೆ, ಅಂದರೆ ಸಾಗರಮಧ್ಯದ ಏಣುಗಳಲ್ಲಿ, ಕೆಳಗಿನ ಬಂಡೆ ಮೇಲೇರುತ್ತದೆ; ಏರುತ್ತಿದ್ದಂತೆ ಒತ್ತಡ ಇಳಿದು, ಹೊಸ ಶಾಖದ ಅಗತ್ಯವಿಲ್ಲದೆಯೇ ಒಂದು ಪಾಲು ಕರಗುತ್ತದೆ. ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ ಕೆಲಸ ಮಾಡುವುದು ನೀರು. ಸಾಗರತಳದ ಬಂಡೆಯ ಖನಿಜಗಳಲ್ಲಿ ಕಟ್ಟಿಕೊಂಡ ನೀರು ಸುಮಾರು ನೂರು ಕಿ.ಮೀ. ಆಳದಲ್ಲಿ ಹಿಂಡಿ ಹೊರಬಂದು ಮೇಲಿನ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಬೆರೆತ ಬಂಡೆ ಕಡಿಮೆ ಶಾಖಕ್ಕೇ ಕರಗುತ್ತದೆ. ಕೆಳಗಿಳಿದ ತಣ್ಣನೆಯ ಫಲಕದಿಂದಲೇ ಬೆಂಕಿ ಹುಟ್ಟುವುದು ಈ ವಿಚಿತ್ರ ದಾರಿಯಲ್ಲಿ. ಜಪಾನ್, ಇಂಡೋನೇಷ್ಯಾ, ಆಂಡೀಸ್‌ಗಳ ಜ್ವಾಲಾಮುಖಿಗಳು ಫಲಕ ಕೆಳಗಿಳಿಯುವ ಸಾಗರ ಕಂದಕಕ್ಕೆ ಸಮಾನಾಂತರವಾಗಿ, ಒಂದಿಷ್ಟು ಒಳಗೆ, ಸಾಲು ನಿಂತಿರುವುದಕ್ಕೂ ಇದೇ ಕಾರಣ.

ಆದ್ದರಿಂದ ಭೂಕಂಪವಿರುವ ಎಲ್ಲ ಅಂಚಿನಲ್ಲೂ ಜ್ವಾಲಾಮುಖಿ ಇರಬೇಕೆಂದಿಲ್ಲ. ಹಿಮಾಲಯವನ್ನೇ ನೋಡಿ. ಖಂಡಕ್ಕೆ ಖಂಡ ಡಿಕ್ಕಿ ಹೊಡೆದಿರುವ ಅಲ್ಲಿ ನೀರು ತುಂಬಿದ ಸಾಗರತಳ ಈಗ ಒಳಗಿಳಿಯುತ್ತಿಲ್ಲ. 2015ರ ಏಪ್ರಿಲ್ 25ರ ನೇಪಾಳ ಭೂಕಂಪದಂಥ 7.8 ತೀವ್ರತೆಯ ಹೊಡೆತಗಳುಂಟು, ಉರಿಯುವ ಬೆಟ್ಟಗಳಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಸ್‌ನಲ್ಲಿ ಫಲಕಗಳು ಪಕ್ಕಕ್ಕೆ ಪಕ್ಕ ಉಜ್ಜಿಕೊಂಡು ಹೋಗುತ್ತವೆ. ಏನೂ ಮೇಲೇರುವುದಿಲ್ಲ, ಏನೂ ಕೆಳಗಿಳಿಯುವುದಿಲ್ಲ, ಆದ್ದರಿಂದ ಅಲ್ಲೂ ಬರೀ ನಡುಕ. ಎರಡೂ ಒಂದೇ ಕಡೆ ಬೇಕೆಂದರೆ ಭಾರತದಲ್ಲಿ ಅಂಡಮಾನಿಗೆ ಹೋಗಬೇಕು. ಅಲ್ಲಿ ಭಾರತ ಫಲಕ ಪೂರ್ವದ ಅಡಿಗೆ ಜಾರುತ್ತಿದೆ. 2004ರ ಡಿಸೆಂಬರ್ 26ರಂದು ಆ ಅಂಚು ಸುಮಾತ್ರದಿಂದ ಅಂಡಮಾನ್‌ವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೆ ಸೀಳಿ ಸುನಾಮಿ ಎದ್ದಿತು, ನಿಕೋಬಾರಿನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಅದೇ ಅಂಚಿನ ಫಲವಾದ ಬ್ಯಾರೆನ್ ದ್ವೀಪ ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಮತ್ತೆ ಉಗುಳತೊಡಗಿತು.

ಈ ಚಿತ್ರ ಸ್ಪಷ್ಟವಾದದ್ದು 1960ರ ದಶಕದಲ್ಲಿ, ಅದೂ ಭೂವಿಜ್ಞಾನದ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ. ಶತ್ರು ದೇಶದ ಭೂಗತ ಅಣುಪರೀಕ್ಷೆಗಳನ್ನು ಕದ್ದು ಕೇಳಲು ಕಂಪನಮಾಪಕಗಳ ಜಾಲವನ್ನು ಜಗತ್ತಿನಾದ್ಯಂತ ಹರಡಲಾಯಿತು. ಕರ್ನಾಟಕದ ಗೌರಿಬಿದನೂರಿನಲ್ಲಿ ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದಿಂದ 1965ರಲ್ಲಿ ನಿಲ್ಲಿಸಿದ ಮಾಪಕಗಳ ಸಾಲೂ ಆ ಕಾಲದ ಕೂಸೇ. ಬಾಂಬಿನ ಸದ್ದಿಗೆ ಕಾದು ಕೂತ ಯಂತ್ರಗಳು ಭೂಕಂಪಗಳ ಸ್ಥಾನವನ್ನೂ ಆಳವನ್ನೂ ಹಿಂದೆಂದೂ ಇಲ್ಲದಷ್ಟು ನಿಖರವಾಗಿ ಬರೆದವು. ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳು ಚಲಿಸುತ್ತವೆಂದಾಗ ನಕ್ಕವರ ಶಿಷ್ಯರು 1968ರ ಹೊತ್ತಿಗೆ ಫಲಕ ಸಿದ್ಧಾಂತದ ಪಾಠ ಹೇಳತೊಡಗಿದ್ದರು.

ಅಂಚಿಲ್ಲದ ಕಡೆ ಲಾವಾ

ಬೀದರ್‌ಗೆ ತೀರ ಹತ್ತಿರದ ಫಲಕದ ಅಂಚು ಎಂದರೆ ಹಿಮಾಲಯದ ತಪ್ಪಲು: ಉತ್ತರಕ್ಕೆ ಸುಮಾರು 1,300 ಕಿ.ಮೀ. ಪೂರ್ವದ ಅಂಡಮಾನ್ ಕಂದಕವೂ ಪಶ್ಚಿಮದಲ್ಲಿ ಅರಬ್ಬಿ ಸಮುದ್ರದ ಆಚೆಯ ಅಂಚೂ ಅದಕ್ಕಿಂತ ದೂರ. ಆದರೂ ಈ ಜಿಲ್ಲೆ ಸುಮಾರು ಐದು ಲಕ್ಷ ಚದರ ಕಿ.ಮೀ. ಹರಡಿರುವ ದಖನ್ ಟ್ರ್ಯಾಪ್ ಎಂಬ ಲಾವಾ ಪ್ರಸ್ತರದ ಆಗ್ನೇಯ ಮೂಲೆಯಲ್ಲಿದೆ. ಮಹಾಬಳೇಶ್ವರದ ಕಡೆ ಎರಡು ಕಿ.ಮೀ. ಮಟ್ಟದ ದಪ್ಪವಿರುವ ಈ ಹಾಸು ಈ ಭಾಗಕ್ಕೆ ಬರುವಷ್ಟರಲ್ಲಿ ಕೆಲವು ನೂರು ಮೀಟರಿಗೆ ತೆಳುವಾಗುತ್ತದೆ. ಇನ್ನೂ ದಕ್ಷಿಣಕ್ಕೆ, ಸೇಡಂ–ಶಹಾಬಾದ್ ಕಡೆ, ಅದರ ಅಡಿಯಿಂದ ಭೀಮಾ ಕಣಿವೆಯ ಹಾಸುಗಲ್ಲು ಇಣುಕುತ್ತದೆ.

ಇಷ್ಟು ಲಾವಾ ಉಗುಳಿದ ಬೆಟ್ಟ ಎಲ್ಲಿದೆ ಎಂದು ಹುಡುಕಿದರೆ ಸಿಗದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಲ್ಲಿ ಉದ್ದುದ್ದ ಬಿರುಕು ಬಿಟ್ಟು, ನೀರಿನಷ್ಟಲ್ಲದಿದ್ದರೂ ಸಾಕಷ್ಟು ತೆಳ್ಳಗಿದ್ದ ಬಸಾಲ್ಟ್ ಲಾವಾ ಮತ್ತೆ ಮತ್ತೆ ಹರಿದು ಬಯಲನ್ನು ಮುಚ್ಚಿತು. ಮುಖ್ಯ ಭಾಗ ಹತ್ತು ಲಕ್ಷ ವರ್ಷಗಳ ಒಳಗೇ ಮುಗಿಯಿತು. ಕೆಲವು ಹರಿವುಗಳು ಹಳೆಯ ನದಿ ಕಣಿವೆಗಳನ್ನು ಹಿಡಿದು ಪೂರ್ವ ಕರಾವಳಿಯ ರಾಜಮಹೇಂದ್ರಿಯವರೆಗೆ ಹೋಗಿವೆ ಎಂದು ಅಲ್ಲಿನ ಬಂಡೆಯ ರಾಸಾಯನಿಕ ಗುರುತು ಹೇಳುತ್ತದೆ. ಡೈನೋಸಾರ್‌ಗಳ ಅಳಿವಿನ ಕಾಲವೂ ಇದೇ. ಮೆಕ್ಸಿಕೋದಲ್ಲಿ ಬಿದ್ದ ಉಲ್ಕೆಗೂ ದಖನ್ ಲಾವಾದಿಂದೆದ್ದ ಅನಿಲಗಳಿಗೂ ಆ ಪಾತಕದಲ್ಲಿ ಎಷ್ಟೆಷ್ಟು ಪಾಲು ಎಂಬ ವಾದ ಇನ್ನೂ ತೀರಿಲ್ಲ.

ಅಂಚಿಲ್ಲದೆ ಇಷ್ಟು ಲಾವಾ ಬಂದದ್ದಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ ಫಲಕಗಳ ಕೆಳಗಿನಿಂದ ಬರುತ್ತದೆ. ಮ್ಯಾಂಟಲ್‌ನ ಆಳದಿಂದ ಬಿಸಿ ಬಂಡೆಯ ಒಂದು ಕಂಬ ಮೇಲೇರಿ, ಆಗ ಭೂಮಧ್ಯರೇಖೆಯ ದಕ್ಷಿಣಕ್ಕಿದ್ದ ಭಾರತದ ತಳಕ್ಕೆ ಬಂದು ತಾಕಿತು. ಕಂಬ ಹೆಚ್ಚುಕಡಿಮೆ ನಿಂತಲ್ಲೇ ಉಳಿಯಿತು, ಭಾರತ ಮಾತ್ರ ಅಂದಿನ ಲೆಕ್ಕಕ್ಕೆ ನಾಗಾಲೋಟದಲ್ಲಿ, ವರ್ಷಕ್ಕೆ ಹದಿನೈದು ಸೆಂಟಿಮೀಟರ್ ಮೀರಿದ ವೇಗದಲ್ಲಿ, ಉತ್ತರಕ್ಕೆ ಬಂದುಬಿಟ್ಟಿತು. ಅದು ಬಂದ ಹಾದಿಯನ್ನು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳ ಅಡಿಯ ಏಣು ಇಂದಿಗೂ ತೋರಿಸುತ್ತದೆ. ಆ ಗೆರೆಯ ತುದಿಯಲ್ಲಿರುವ ರಿಯೂನಿಯನ್ ದ್ವೀಪದ ಪಿಟೋನ್ ದ ಲಾ ಫೂರ್ನೇಸ್ ಜ್ವಾಲಾಮುಖಿ ಈಗಲೂ ಆಗಾಗ ಉಕ್ಕುತ್ತದೆ. ಔರಾದ್‌ನ ಕರಿಕಲ್ಲಿನ ಹಿರಿಯ ಒಲೆ ಅದು. ಹವಾಯಿಯ ಜ್ವಾಲಾಮುಖಿಗಳದೂ ಇದೇ ಜಾತಿ. ಪೆಸಿಫಿಕ್ ಫಲಕದ ನಟ್ಟನಡುವೆ ಅವುಗಳಿರುವುದನ್ನು ವಿವರಿಸಲು 1963ರಲ್ಲಿ ಟೂಜೋ ವಿಲ್ಸನ್ ಈ ಬಿಸಿತಾಣದ ಕಲ್ಪನೆಯನ್ನು ಮುಂದಿಟ್ಟ.

ಈ ಲಾವಾ ಬೀದರ್ ಜಿಲ್ಲೆಗೆ ಎರಡು ಮುಖ ಕೊಟ್ಟಿದೆ. ಮಾಂಜ್ರಾ ಮತ್ತು ಕಾರಂಜಾ ಹೊಳೆಗಳ ಬಯಲಲ್ಲಿ, ಭಾಲ್ಕಿ–ಔರಾದ್ ಕಡೆ, ಬಸಾಲ್ಟ್ ಕೊಳೆತು ಎರೆಮಣ್ಣಾಗಿದೆ. ಮಳೆಗೆ ಉಬ್ಬಿ ಕಾಲಿಗೆ ಮೆತ್ತುವ, ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ಈ ಮಣ್ಣಲ್ಲಿ ತೊಗರಿ, ಸೋಯಾ, ಕಡಲೆ, ಜೋಳ ಬೆಳೆಯುತ್ತವೆ. ಬಾವಿ ತೋಡುವವರಿಗೆ ಲಾವಾದ ಒಂದೊಂದು ಹರಿವೂ ಒಂದೊಂದು ಪದರವಾಗಿ ಕೈಗೆ ಸಿಗುತ್ತದೆ: ಹರಿವಿನ ನಡುಭಾಗ ಗಟ್ಟಿ, ನೀರಿಗೆ ದಾರಿಯಿಲ್ಲ, ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ತೂತುಗಳು, ಅವುಗಳಲ್ಲಿ ಬಿಳಿಯ ಹರಳು, ಎರಡು ಹರಿವುಗಳ ನಡುವೆ ಎಷ್ಟೋ ಕಡೆ ಕೆಂಪು ಮಣ್ಣಿನ ತೆಳು ಗೆರೆ. ಒಂದು ಲಾವಾ ಆರಿ, ಮೇಲೆ ಮಣ್ಣು ಕಟ್ಟುವಷ್ಟು ಕಾಲ ಕಳೆದು, ಮತ್ತೊಂದು ಬಂದು ಸುಟ್ಟ ಗುರುತು ಆ ಗೆರೆ. ಬೋರ್ ಕೊರೆಸುವ ರೈತನ ಅದೃಷ್ಟ ಗುಳ್ಳೆಗಲ್ಲು ಸಿಗುತ್ತದೋ ಗಟ್ಟಿಗಲ್ಲು ಸಿಗುತ್ತದೋ ಎಂಬುದರ ಮೇಲೆ ನಿಂತಿದೆ.

ಬೀದರ್ ನಗರದ ಮುಖ ಬೇರೆ. ಅಲ್ಲಿ ಬಸಾಲ್ಟಿನ ನೆತ್ತಿ ದೀರ್ಘಕಾಲದ ಬಿಸಿಲು ಮಳೆಗೆ ಸಿಕ್ಕು, ಸಿಲಿಕಾದಂಥವು ಕರಗಿ ಹೋಗಿ, ಕಬ್ಬಿಣ–ಅಲ್ಯೂಮಿನಿಯಂ ಮಾತ್ರ ಉಳಿದು ಜಂಬಿಟ್ಟಿಗೆಯ ದಪ್ಪ ಟೋಪಿಯಾಗಿದೆ. ಕೋಟೆಯ ಕಂದಕದೊಳಗೆ ಇಳಿದು ಗೋಡೆಗೆ ಕೈಯಿಟ್ಟರೆ ಅದು ಕಟ್ಟಿದ್ದಲ್ಲ, ಕಡಿದದ್ದು ಎಂದು ಗೊತ್ತಾಗುತ್ತದೆ: ಇಟ್ಟಿಗೆ ಬಣ್ಣದ ಬಂಡೆಯ ತುಂಬ ಬೆರಳು ಹೋಗುವ ಸುರಂಗಗಳು, ಅವುಗಳ ಅಂಚಿಗೆ ಹಳದಿ ಮಣ್ಣಿನ ಪುಡಿ, ಎತ್ತರಕ್ಕೆ ಹೋದಂತೆ ಗಾಳಿಗೆ ಗಡುಸಾದ ಕಂದು ಹೊರಮೈ. ಹೊಸದಾಗಿ ಕಡಿಯುವಾಗ ಮೆತ್ತಗಿದ್ದು ಬಯಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವೇ ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ಬಂದ ಬಹಮನಿಗಳಿಗೆ ಅನುಕೂಲವಾಯಿತು. ಜಂಬಿಟ್ಟಿಗೆ ನೀರು ಹೀರುತ್ತದೆ, ಕೆಳಗಿನ ಬಸಾಲ್ಟ್ ಬಿಡುವುದಿಲ್ಲ. ಎರಡರ ಕೂಡುಗೆರೆಯಲ್ಲಿ ನೀರು ಅಡ್ಡಕ್ಕೆ ಹರಿಯುತ್ತದೆ. ನಾನಕ್ ಝೀರಾದ ಬುಗ್ಗೆ, ಝರಣಿ ನರಸಿಂಹನ ಗುಹೆಯ ಎದೆಮಟ್ಟದ ನೀರು, ನೌಬಾದ್‌ನ ಅಂತರ್ಜಲ ಹರಿಸುವ ಕರೇಜ್ ಸುರಂಗ ಎಲ್ಲದರ ಹಿಂದೆಯೂ ಈ ಕೂಡುಗೆರೆಯ ಲೆಕ್ಕವಿದೆ.

ಕರೇಜ್ ತೋಡುವ ವಿದ್ಯೆ ಬಂದದ್ದು ಇರಾನ್‌ನಿಂದ. ಬೀದರ್‌ನ ವಜೀರ ಮಹಮೂದ್ ಗವಾನ್ ಬಂದದ್ದೂ ಅಲ್ಲಿಂದಲೇ, ಕಾಸ್ಪಿಯನ್ ಸಮುದ್ರದ ದಡದ ಗಿಲಾನ್ ಸೀಮೆಯಿಂದ. ಅದು ಫಲಕಗಳ ಒತ್ತಾಟದ ಪಟ್ಟಿಯ ಮೇಲಿನ ನಾಡು. 1990ರ ಜೂನ್ 21ರ ಭೂಕಂಪ ಗಿಲಾನ್ ಮತ್ತು ನೆರೆಯ ಝಂಜಾನ್‌ನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದರಸದ ಮುಂಭಾಗ ಅರ್ಧ ಬಿದ್ದು ಒಂದೇ ಮಿನಾರು ಉಳಿದಿರುವುದನ್ನು ಕಂಡ ಪ್ರವಾಸಿಗರು ಭೂಕಂಪವಿರಬೇಕೆಂದು ಊಹಿಸುವುದುಂಟು. ಅಲ್ಲ. ಔರಂಗಜೇಬನ ಆಡಳಿತದಲ್ಲಿ, 1696ರಲ್ಲಿ, ಒಳಗೆ ಕೂಡಿಟ್ಟ ಮದ್ದು ಸಿಡಿದು ಆದ ಹಾನಿ ಅದು. ಉಳಿದ ಮಿನಾರು ಐದೂವರೆ ಶತಮಾನದಿಂದ ನಿಂತಿದೆ. ಗಿಲಾನ್‌ನಲ್ಲಿ ಅಷ್ಟೆತ್ತರದ ಕಟ್ಟಡಕ್ಕೆ ಅಷ್ಟು ಆಯುಷ್ಯ ಸಿಗುವುದು ಸುಲಭವಿರಲಿಲ್ಲ.

ಕಿಲ್ಲಾರಿ

ಲಾತೂರ್ ಜಿಲ್ಲೆಯ ಔಸಾ ತಾಲ್ಲೂಕಿನ ಕಿಲ್ಲಾರಿ ಭಾಲ್ಕಿಯಿಂದ ನೇರ ಪಶ್ಚಿಮಕ್ಕೆ, ಕಾಗೆ ಹಾರಿದಷ್ಟು ದೂರ ಲೆಕ್ಕ ಹಾಕಿದರೆ ಎಪ್ಪತ್ತು ಕಿ.ಮೀ. ಒಳಗೇ ಇದೆ, ಬಸವಕಲ್ಯಾಣಕ್ಕೆ ಇನ್ನೂ ಹತ್ತಿರ. ಊರ ಪಕ್ಕದ ತೇರ್ಣಾ ಹೊಳೆ ಹರಿದು ಸೇರುವುದು ಬೀದರ್‌ಗೆ ಬರುವ ಮಾಂಜ್ರಾವನ್ನೇ. 1993ರಲ್ಲಿ ಗಣಪತಿ ವಿಸರ್ಜನೆ ಮುಗಿಸಿ ತಡರಾತ್ರಿ ಮಲಗಿದ್ದ ಜನರ ಮೇಲೆ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಮನೆಗಳು ಕುಸಿದವು. ಭಾಲ್ಕಿ, ಬೀದರ್, ಕಲಬುರಗಿ, ಹೈದರಾಬಾದ್‌ಗಳಲ್ಲೂ ಜನ ಎಚ್ಚೆತ್ತು ಬೀದಿಗೆ ಬಂದರು.

ತೀವ್ರತೆ 6.2. ಪೆಸಿಫಿಕ್ ಸಾಲಿನಲ್ಲಿ ಈ ಗಾತ್ರದ ಭೂಕಂಪ ದೊಡ್ಡ ಸುದ್ದಿಯೇ ಅಲ್ಲ, ಜಗತ್ತಿನಲ್ಲಿ ವರ್ಷಕ್ಕೆ ನೂರರ ಮೇಲೆ ಆಗುತ್ತವೆ. 2001ರ ಜನವರಿ 26ರ ಭುಜ್ ಭೂಕಂಪದ ತೀವ್ರತೆ 7.7. ತೀವ್ರತೆಯ ಅಂಕಿ ಒಂದು ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುವುದರಿಂದ, ಭುಜ್‌ನಲ್ಲಿ ಹೊರಬಿದ್ದ ಶಕ್ತಿ ಕಿಲ್ಲಾರಿಯದರ ನೂರೈವತ್ತು ಪಟ್ಟಿಗೂ ಮೀರಿದ್ದು. ಸಾವಿನ ಸಂಖ್ಯೆ ಆ ಲೆಕ್ಕದಲ್ಲಿ ಏರಲಿಲ್ಲ. ಭುಜ್‌ನಲ್ಲಿ ಸತ್ತವರನ್ನು 13 ಸಾವಿರದಿಂದ 20 ಸಾವಿರದವರೆಗೆ ಎಣಿಸುತ್ತಾರೆ. ಶಕ್ತಿ ಇಷ್ಟು ಕಡಿಮೆಯಿದ್ದೂ ಕಿಲ್ಲಾರಿ ಇಷ್ಟು ಜನರನ್ನು ನುಂಗಿದ್ದಕ್ಕೆ ಎರಡು ಕಾರಣ. ಬಂಡೆ ಒಡೆದದ್ದು ನೆಲದಿಂದ ಕೆಲವೇ ಕಿ.ಮೀ. ಆಳದಲ್ಲಿ, ಸೀಳು ಮೇಲ್ಮೈವರೆಗೂ ಬಂದು ಹೊಲಗಳಲ್ಲಿ ದಿಬ್ಬ ಎಬ್ಬಿಸಿತು. ಫಲಕದ ಒಡಲಲ್ಲಿ ಹೀಗೆ ನೆಲ ಸೀಳಿ ಕಾಣುವುದು ಅಪರೂಪ.

ಎರಡನೆಯದು ಮನೆ. ಲಾತೂರ್, ಉಮರ್ಗಾ, ಬಸವಕಲ್ಯಾಣ, ಭಾಲ್ಕಿ, ಔರಾದ್, ಈ ಇಡೀ ಸೀಮೆಯ ಹಳೆಯ ಮನೆ ಒಂದೇ ಅಚ್ಚಿನದು, ಏಕೆಂದರೆ ಕಲ್ಲೂ ಮಣ್ಣೂ ಒಂದೇ ಲಾವಾದವು. ಹೊಲದಲ್ಲಿ ಸಿಕ್ಕ ಗುಂಡು ಕರಿಕಲ್ಲುಗಳನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿ, ಒಳಗೊಂದು ಹೊರಗೊಂದು ಸಾಲು ಎಬ್ಬಿಸಿ, ನಡುವೆ ಜಲ್ಲಿ–ಮಣ್ಣು ತುಂಬಿದ ಎರಡಡಿಗೂ ದಪ್ಪದ ಗೋಡೆ. ಎರಡು ಸಾಲನ್ನೂ ಹೊಲಿಯುವ ಅಡ್ಡಗಲ್ಲು ಇರುವುದಿಲ್ಲ. ಮೇಲೆ ತೊಲೆ, ಹಲಗೆ, ಅದರ ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರದಂತೆ ಇನ್ನಷ್ಟು ಮಣ್ಣು ಹಾಕುವುದರಿಂದ ವರ್ಷವರ್ಷಕ್ಕೆ ಭಾರ ಏರುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲಿನ ಈ ನಾಡಿಗೆ ಇದಕ್ಕಿಂತ ತಂಪಾದ ಮನೆ ಇಲ್ಲ, ಕಟ್ಟಿದವರ ಜಾಣತನವನ್ನು ಹಳಿಯುವಂತಿಲ್ಲ. ಆದರೆ ನೆಲ ಅಡ್ಡಕ್ಕೆ ಅಲುಗಿದರೆ ಗೋಡೆಯ ಎರಡು ಸಾಲೂ ಎರಡು ಕಡೆಗೆ ಹೊಟ್ಟೆಯುಬ್ಬಿ ಒಡೆಯುತ್ತವೆ, ಮಾಳಿಗೆ ನೇರ ಕೆಳಗಿಳಿಯುತ್ತದೆ. ಮರದ ಕಂಬಗಳು ಮಾಳಿಗೆಯ ಭಾರ ಹೊತ್ತಿದ್ದ ಅಂಕಣದ ಮನೆಗಳಲ್ಲಿ ಎಷ್ಟೋ ಕಡೆ ಗೋಡೆ ಬಿದ್ದರೂ ಕಂಬ–ತೊಲೆಗಳ ಚೌಕಟ್ಟು ನಿಂತಿತ್ತು.

ಅಂಚಿಲ್ಲದ ಕಡೆ ಭೂಮಿ ಸೀಳಿದ್ದು ಹೇಗೆ? ಭಾರತ ಫಲಕ ಉತ್ತರಕ್ಕೆ ತಳ್ಳುತ್ತದೆ, ಏಷ್ಯಾ ತಡೆಯುತ್ತದೆ. ತಡೆಯ ಒತ್ತಡ ಹಿಮಾಲಯದಲ್ಲೇ ಮುಗಿಯದೆ ಫಲಕದ ಒಡಲೊಳಗೆಲ್ಲ ಹರಡಿದೆ. ಕಿಲ್ಲಾರಿಯ ದಾಖಲೆಗಳಲ್ಲಿ ಬಂಡೆ ಹಿಗ್ಗಿ ಬೇರ್ಪಟ್ಟ ಗುರುತಿಲ್ಲ. ಉತ್ತರ–ದಕ್ಷಿಣವಾಗಿ ಹಿಂಡಿ, ಒಂದು ಪಾಲು ಇನ್ನೊಂದರ ಮೇಲೆ ಹತ್ತಿದ ಗುರುತಿದೆ. ಅಂದರೆ 1,300 ಕಿ.ಮೀ. ಆಚೆಯ ಅಂಚು ಇಲ್ಲೂ ತನ್ನ ಕೈ ತೋರಿಸಿತು. ಗಟ್ಟಿ ಬಂಡೆ ಆ ಒತ್ತಡವನ್ನು ತಾಳುತ್ತದೆ. ಹಳೆಯ ಸ್ತರಭಂಗವೊಂದಿದ್ದರೆ, ಅಂದರೆ ಬಂಡೆ ಹಿಂದೆಂದೋ ಸೀಳಿ ಸರಿದ ಗೆರೆಯಿದ್ದರೆ, ಅಲ್ಲಿ ಸೋಲುತ್ತದೆ. ಒತ್ತಡ ಸೇರುವುದು ಬಲು ನಿಧಾನ, ಆದ್ದರಿಂದ ಎರಡು ಸೋಲುಗಳ ನಡುವೆ ಸಾವಿರಾರು ವರ್ಷ ಕಳೆಯಬಹುದು. ಹಿಮಾಲಯದ ಹಳ್ಳಿಗನಿಗೆ ಅಜ್ಜನ ಕಾಲದ ಭೂಕಂಪದ ನೆನಪಿರುತ್ತದೆ. ಮಾಂಜ್ರಾ ಸೀಮೆಯವನಿಗೆ ಅಂಥ ನೆನಪು ಇರಲು ಸಾಧ್ಯವೇ ಇರಲಿಲ್ಲ.

ಆ ಹಳೆಯ ಸ್ತರಭಂಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂಬುದಕ್ಕೂ ಒಂದು ಕಾರಣವಿದೆ, ಮತ್ತು ಅದು ಈ ಸೀಮೆಯ ಎರಡು ಅಪವಾದಗಳನ್ನು ಒಂದಕ್ಕೊಂದು ಗಂಟುಹಾಕುತ್ತದೆ. ಭೂಕಂಪದ ನಂತರ ಕಿಲ್ಲಾರಿಯಲ್ಲಿ 617 ಮೀಟರ್ ಆಳದ ರಂಧ್ರ ಕೊರೆದಾಗ ಮೊದಲ 338 ಮೀಟರ್ ಬರೀ ಬಸಾಲ್ಟ್ ಸಿಕ್ಕಿತು. ಆಮೇಲೆ ಎಂಟು ಮೀಟರ್ ಹಳೆಯ ಮಣ್ಣು–ಮರಳಿನ ಪದರ, ಅದರಡಿ ಇನ್ನೂರೈವತ್ತು ಕೋಟಿ ವರ್ಷಗಳ ಮಟ್ಟದ ಪುರಾತನ ತಳಬಂಡೆ. ಒಡೆದದ್ದು ಆ ತಳಬಂಡೆ. ಅದರ ಮೈಮೇಲಿನ ಗೆರೆ, ಬಿರುಕು, ಹೊಲಿಗೆಗಳನ್ನೆಲ್ಲ ದಖನ್ ಲಾವಾ ಚಪ್ಪಟೆಯಾಗಿ ಮುಚ್ಚಿಬಿಟ್ಟಿದೆ. ಬೆಂಗಳೂರು–ಕೋಲಾರದ ಕಡೆ ಭೂವಿಜ್ಞಾನಿ ನಡೆದಾಡಿಕೊಂಡೇ ನೋಡಬಹುದಾದದ್ದನ್ನು ಭಾಲ್ಕಿ–ಔರಾದ್‌ನಲ್ಲಿ ನೋಡಬೇಕೆಂದರೆ ರಂಧ್ರ ಕೊರೆಯಬೇಕು ಇಲ್ಲವೆ ಗುರುತ್ವ, ವಿದ್ಯುತ್‌ವಾಹಕತೆ ಅಳೆಯುವ ಉಪಕರಣಗಳನ್ನು ಹೊತ್ತು ತಿರುಗಬೇಕು. ಹೈದರಾಬಾದ್‌ನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1993ರ ನಂತರ ಮಾಡುತ್ತ ಬಂದಿರುವ ಕೆಲಸದ ಒಂದು ಪಾಲು ಅದು.

ಮುನ್ಸೂಚನೆ ಇರಲಿಲ್ಲವೆಂದಲ್ಲ. 1992ರ ಮಳೆಗಾಲದ ಕೊನೆಗೆ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳ ಸರಣಿಯೇ ನಡೆದಿತ್ತು, ಜನ ಹೆದರಿ ದೂರು ಕೊಟ್ಟಿದ್ದರು. ಆದರೆ ಅಂಥ ಸರಣಿಗಳು ದಖನ್‌ನಲ್ಲಿ ಎಷ್ಟೋ ಸಲ ಎದ್ದು ತಾವೇ ಅಡಗುತ್ತವೆ. ಯಾವುದು ಬರಲಿರುವ ದೊಡ್ಡದರ ಮುನ್ನುಡಿ ಎಂದು ಹೇಳುವ ವಿದ್ಯೆ ಇಂದಿಗೂ ಯಾರ ಕೈಯಲ್ಲೂ ಇಲ್ಲ. ಅಂದಿನ ಅಧಿಕೃತ ನಕಾಶೆಯಲ್ಲಿ ಕಿಲ್ಲಾರಿ ಒಂದನೆಯ ವಲಯದಲ್ಲಿತ್ತು, ಅಂದರೆ ಅಪಾಯ ಅತ್ಯಂತ ಕಡಿಮೆ ಎಂದು ಗುರುತಿಸಿದ ಕಡೆ. 2002ರ ಪರಿಷ್ಕರಣೆಯಲ್ಲಿ ಭಾರತೀಯ ಮಾನಕ ಸಂಸ್ಥೆ ಒಂದನೆಯ ವಲಯವನ್ನೇ ತೆಗೆದುಹಾಕಿತು. ಲಾತೂರ್ ಸೀಮೆ ಮೂರನೆಯ ವಲಯಕ್ಕೆ ಏರಿತು.

ನೀರಿನ ಪಾತ್ರ

ಕಿಲ್ಲಾರಿಯ ಹತ್ತಿರ ತೇರ್ಣಾಕ್ಕೆ ಅಣೆಕಟ್ಟು ಕಟ್ಟಲಾಗಿತ್ತು. ಭೂಕಂಪಕ್ಕೆ ಅದೇ ಕಾರಣವೆಂದು ಕೆಲವರು ವಾದಿಸಿದರು. ಜಲಾಶಯ ಚಿಕ್ಕದು, ಆಳ ಕಡಿಮೆ ಎಂದು ಹೆಚ್ಚಿನವರು ಒಪ್ಪಲಿಲ್ಲ. ವಾದ ಹುಟ್ಟಿದ್ದಕ್ಕೆ ಆಧಾರ ಮಾತ್ರ ಗಟ್ಟಿಯಾದದ್ದೇ. ಇದೇ ದಖನ್ ಲಾವಾದ ಪಶ್ಚಿಮ ಅಂಚಿನಲ್ಲಿ, ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ, 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1962ರಿಂದ ನೀರು ತುಂಬತೊಡಗಿದ ಮೇಲೆ ನಡುಕ ಶುರುವಾಯಿತು. 1967ರ ಡಿಸೆಂಬರ್ 11ರಂದು 6.3 ತೀವ್ರತೆಯ ಭೂಕಂಪ ಸುಮಾರು ಇನ್ನೂರು ಜನರನ್ನು ಬಲಿ ತೆಗೆದುಕೊಂಡಿತು. ಜಲಾಶಯದಿಂದ ಪ್ರಚೋದಿತವಾದ ಭೂಕಂಪಗಳಲ್ಲಿ ಅತಿ ದೊಡ್ಡದೆಂದು ಜಗತ್ತಿನ ಪಠ್ಯಗಳು ಕೊಯ್ನಾವನ್ನೇ ಹೆಸರಿಸುತ್ತವೆ. ನೀರು ಒತ್ತಡವನ್ನು ಹುಟ್ಟಿಸುವುದಿಲ್ಲ. ಬಿರುಕಿನೊಳಗೆ ಇಳಿದು ಕಚ್ಚಿಕೊಂಡ ಬಂಡೆಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಒಡೆಯಲು ಹೇಗೂ ಸಿದ್ಧವಿದ್ದ ಸ್ತರಭಂಗಕ್ಕೆ ಆ ಸಡಿಲವೇ ಸಾಕು. ಈ ಕ್ರಿಯೆಯನ್ನು ಹತ್ತಿರದಿಂದ ಗಮನಿಸಲು ಕೊಯ್ನಾದಲ್ಲಿ ಬಸಾಲ್ಟನ್ನು ತೂರಿ ತಳಬಂಡೆಯೊಳಕ್ಕೆ ಸುಮಾರು ಮೂರು ಕಿ.ಮೀ. ಆಳದ ರಂಧ್ರ ಕೊರೆಯಲಾಗಿದೆ.

ಬೀದರ್ ಜಿಲ್ಲೆಯಲ್ಲಿ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ ಕೊಯ್ನಾದ ಮುಂದೆ ಚಿಕ್ಕದು. ಕೆರೆ ತುಂಬಿದ ವರ್ಷ ಭಯಪಡಬೇಕೆನ್ನಲು ಇಲ್ಲಿ ಆಧಾರವಿಲ್ಲ. ಆದರೆ ಕಿಲ್ಲಾರಿಯಲ್ಲಿ ಬಿದ್ದಂಥ ಕರಿಕಲ್ಲು–ಮಣ್ಣಿನ ಮಾಳಿಗೆ ಮನೆಗಳು ಔರಾದ್–ಭಾಲ್ಕಿಯ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ, ಅವುಗಳ ಪಕ್ಕದಲ್ಲಿ ಯಾವ ಎಂಜಿನಿಯರನ ಲೆಕ್ಕವನ್ನೂ ಕಾಣದ ಸಿಮೆಂಟಿನ ಎರಡಂತಸ್ತುಗಳು ಎದ್ದಿವೆ. ಕಿಲ್ಲಾರಿಯ ನಂತರ ಹಳೆಯ ಮನೆಗಳಿಗೆ ಸೂಚಿಸಿದ ಉಪಾಯಗಳು ದುಬಾರಿಯವಲ್ಲ: ಗೋಡೆಯ ಎರಡು ಸಾಲನ್ನೂ ಹಿಡಿಯುವ ಅಡ್ಡಗಲ್ಲು ಅಥವಾ ಸಲಾಕೆ, ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ಮಾಳಿಗೆಯ ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು. ಮೂರನೆಯದಕ್ಕೆ ಗುದ್ದಲಿ ಬಿಟ್ಟರೆ ಬೇರೇನೂ ಬೇಡ, ಆದರೂ ಸೋರುವ ಭಯ ಬೀಳುವ ಭಯಕ್ಕಿಂತ ದೊಡ್ಡದಾಗಿ ಜನ ಅದನ್ನೇ ಮಾಡುವುದಿಲ್ಲ.

ಬೀದರ್‌ನ ದಕ್ಷಿಣಕ್ಕೆ, ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ನೆಲದಡಿಯಿಂದ ಗುಡುಗಿದಂಥ ಸದ್ದು, ಅದರ ಬೆನ್ನಿಗೆ ಕಂಪನ, ದಿನಗಟ್ಟಲೆ ಮುಂದುವರಿಯಿತು. ಅವುಗಳಲ್ಲಿ ದೊಡ್ಡದರ ತೀವ್ರತೆ 4.1. ಅಷ್ಟು ತೀವ್ರತೆಯವು ಜಗತ್ತಿನ ಅಂಚುಗಳಲ್ಲಿ ವರ್ಷಕ್ಕೆ ಸಾವಿರಾರು ಆಗುತ್ತವೆ, ಜಪಾನಿನಲ್ಲಾದರೆ ಯಾರೂ ಊಟ ಬಿಟ್ಟೇಳುವುದಿಲ್ಲ. ಗಡಿಕೇಶ್ವಾರದಲ್ಲಿ ಜನ ರಾತ್ರಿ ಮನೆಯೊಳಗೆ ಮಲಗಲಿಲ್ಲ, ಹಲವರು ಊರನ್ನೇ ಬಿಟ್ಟು ನೆಂಟರ ಮನೆಗೆ ಹೋದರು. ಕಿಲ್ಲಾರಿಯನ್ನು ಕಂಡ ತಲೆಮಾರು ಅಲ್ಲಿ ಇನ್ನೂ ಬದುಕಿದೆ. ಊರಲ್ಲಿ ತಾತ್ಕಾಲಿಕವಾಗಿ ಕಂಪನಮಾಪಕ ಕೂರಿಸಲಾಯಿತು. ಒಳ್ಳೆಯ ಮಳೆಯ ನಂತರ, ತಳಬಂಡೆಯ ಬಿರುಕುಗಳಿಗೆ ನೀರು ಇಳಿಯುವ ತಿಂಗಳುಗಳಲ್ಲಿ, ದಖನ್‌ನ ಹಲವು ಕಡೆ ಇಂಥ ಸರಣಿಗಳು ಏಳುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ವಿಜಯಪುರ, ಕಲಬುರಗಿ, ಲಾತೂರ್, ನಾಂದೇಡ್ ಸೀಮೆಗಳಿಂದ ಸದ್ದು–ನಡುಕದ ಸುದ್ದಿ ಬರುವುದು ಹೆಚ್ಚಾಗಿ ಆಗಲೇ.